ಮ್ಯಾಂಚೆಸ್ಟರಿನಾಗ ಅದೀನಿ, ಸಣ್ಣದು ಗಟ್ಟಿದು ಒಂದ್ ವೇಪ್ ಹೇಳ್ರಿ. ಊರಿಗೆ ತರಬಹುದೇನು?

ಉಣಕಲ್ಲಿನಾಂವ
ನಮಸ್ಕಾರ್ರಿ ಎಲ್ಲಾರಿಗೂ. ಮೂಲ ಹುಬ್ಬಳ್ಳಿ, ಈಗ ಕೆಲಸದ ಮ್ಯಾಲೆ ಮ್ಯಾಂಚೆಸ್ಟರಿನಾಗ ಅದೀನಿ. ಕಾಲೇಜಿನಾಗ ಹತ್ತಿದ್ದ ಸಿಗರೇಟು ಇಲ್ಲಿಗೆ ಬಂದ ಮ್ಯಾಲೆ ಬಿಟ್ಟು ವೇಪ್ ಹಿಡದೆ. ಮೊದಲ ಸೇದಿ ಒಗಿಯೂವು ತೊಗೋತಿದ್ದೆ. 2025ರ ಜೂನ್ 1ರಿಂದ ಇಲ್ಲಿ ಅವು ಮಾರೂದ ಬಂದಾತು. ಆಮ್ಯಾಲೆ ಮನಿ ಬಾಜೂ ಅಂಗಡಿಯಾಗ ಸೋವಿ ಸಿಕ್ತು ಅಂತ ಒಂದ್ ಪಾಡ್ ಡಿವೈಸ್ ತೊಗೊಂಡೆ. ಕಂಪನಿ ಹೆಸರ ಬ್ಯಾಡ ಬಿಡ್ರಿ. ಕಿಸೇದಾಗ ಸೋರತದ, ಪ್ಯಾಂಟೆಲ್ಲಾ ಮಾವಿನಹಣ್ಣಿನ ವಾಸನಿ. ಶಿಫ್ಟ್ ಮುಗಿಯೂದರಾಗ ಚಾರ್ಜ್ ಖಾಲಿ. ಹೊಸಾ ಪಾಡ್ (ಲಿಕ್ವಿಡ್ ತುಂಬೂ ಡಬ್ಬಿ) ಹಾಕಿದ್ರೂ ಲಗೂನ ಸುಟ್ಟ ರುಚಿ ಬರತದ.

ಈಗ ಒಂದ್ ಚೊಲೋದಕ್ಕ ಹೋಗೋಣಂತ. ಅಂಗಿ ಕಿಸೇದಾಗ ಕುಂದ್ರಬೇಕು, ಸೋರಬಾರದು, ದಿನ ಪೂರಾ ಚಾರ್ಜ್ ನಿಲ್ಲಬೇಕು. ದೊಡ್ಡ ದೊಡ್ಡ ಹೊಗಿ ಬಿಡೂ ಶೋಕಿ ನನಗಿಲ್ಲ. 30 ಪೌಂಡಿನ ಒಳಗ ಹೇಳ್ರಿ.

ಇನ್ನೊಂದು. ದೀಪಾವಳಿಗೆ ಊರಿಗೆ ಬರಾಂವ ಅದೀನಿ. ಬ್ಯಾಗಿನಾಗ ಇಟಗೊಂಡ ಬಂದ್ರ ನಡೀತದೇನು?

ಗೋಕುಲ ರೋಡ್
ನಡಿಯೂದಿಲ್ಲ. ಮೊದಲಿನ ಪ್ರಶ್ನೆಕ್ಕ ಬ್ಯಾರೆದವರು ಉತ್ತರ ಕೊಡ್ಲಿ.

ಬ್ಯಾಡಗಿ ಖಾರ
ಸಿಗರೇಟ ಬಿಟ್ಟು ಇದನ್ನ ಹಿಡದಾನಂತ! ಬಿಟ್ಟಂಗ ಹೆಂಗಾತೋ ಮಾರಾಯಾ? ಅಲ್ಲಿಂದ ಇಲ್ಲಿಗೆ ಕುಂತ ಜಾಗಾ ಬದಲಿ ಮಾಡೀದಿ ಅಷ್ಟ.

ಗದಗ ಟು ಲೆಸ್ಟರ್
ಖಾರಣ್ಣ, ಬೈಯೂದು ಆಮ್ಯಾಲೆ ಇಟಗೋ. ಹುಡುಗ ಕೇಳಿದ್ದಕ್ಕ ಮೊದಲ ಹೇಳೂಣು.

ತಮ್ಮಾ, ನಾ ಇಲ್ಲಿ ಭಾಳ ವರ್ಷದಿಂದ ಅದೀನಿ, ವೇಪಿನ ಅಂಗಡಿಯಾಗೂ ಕೆಲಸ ಮಾಡೀನಿ. ಗಿರಾಕಿ ಬಂದ್ರ ಮೊದಲ ಡಿವೈಸಿನ ಬಣ್ಣ ನೋಡತಾರ, ಪರದೆ ಐತೇನು ನೋಡತಾರ. ಅದ್ಯಾವುದೂ ಮುಖ್ಯ ಅಲ್ಲ. ನೀ ದಿನಾ ರೊಕ್ಕ ಹಾಕೂದು ಪಾಡ್ ಮತ್ತ ಕಾಯಿಲಿಗೆ (ಲಿಕ್ವಿಡ್ ಕಾಸೂ ತಂತಿ ಸುರುಳಿ). ಹಂಗಾಗಿ ಮೊದಲ ನಿನ್ನ ಏರಿಯಾದಾಗ ಯಾವ ಪಾಡ್ ಕಾಯಂ ಸಿಗತಾವು ಅನ್ನೂದು ನೋಡು, ಅದಕ್ಕ ಹೊಂದೂ ಡಿವೈಸ್ ತೊಗೋ. ಹೊಸಾ ಮಾಡೆಲ್ ಬಂದ ಕೂಡ್ಲೆ ಹಳೇ ಪಾಡ್ ತರಸೂದು ಬಂದ್ ಮಾಡೂ ಅಂಗಡಿ ಭಾಳ ಅದಾವ.

ನಿನ್ನಂಥವ್ರಿಗೆ ವೇಪೊರೆಸೊ ಎಕ್ಸ್‌ರೋಸ್ ಸರಣಿ ಹೇಳತೀನಿ. ಆ ಸರಣಿಯ ಪಾಡ್ ಒಂದರಿಂದ ಇನ್ನೊಂದಕ್ಕ ಹೊಂದತಾವ, ಮ್ಯಾಲಿನಿಂದ ತುಂಬಬಹುದು, ಗಾಳಿ ಹೆಚ್ಚು ಕಡಿಮಿ ಮಾಡಾಕ ಬಾಜೂಕ್ಕ ಸಣ್ಣ ಗುಂಡಿ ಐತಿ. ಎಕ್ಸ್‌ರೋಸ್ 4ಕ್ಕ 1000 ಎಂಎಎಚ್ ಬ್ಯಾಟರಿ, 5ಕ್ಕ 1500. ಅದು ಬ್ಯಾಡಂದ್ರ ಯುವೆಲ್ ಕ್ಯಾಲಿಬರ್ನ್ ಜಿ2 ನೋಡು. ಅದರಾಗ ಪಾಡ್ ಹಂಗ ಇಟಗೊಂಡು ಬರೇ ಕಾಯಿಲ್ ಬದಲಿ ಮಾಡಬಹುದು, ಸ್ವಲ್ಪ ರೊಕ್ಕ ಉಳೀತಾವ. ಎರಡೂ ನಿನ್ನ ಬಜೆಟ್ಟಿನಾಗ ಕುಂದ್ರತಾವ.

ವೈರ್‌ಮನ್
ಗದಗಣ್ಣ ಹೇಳಿದ್ದು ಖರೆ, ಆದ್ರ ಒಳಗ ಕುಂತ ಬ್ಯಾಟರಿದು ತೊಗೊಂಡ್ರ ಬ್ಯಾಟರಿ ಸತ್ತ ದಿನಾ ಡಿವೈಸೂ ಸತ್ತಂಗ. 18650 ಬ್ಯಾಟರಿ ತಗದು ಹಾಕೂದು ತೊಗೊಂಡ್ರ ವರ್ಷಗಟ್ಲೆ ಬರತದ. ಒಂದ್ ಹೆಚ್ಚಿನ ಬ್ಯಾಟರಿ ಇಟಗೊಂಡ್ರ ಚಾರ್ಜಿನ ಚಿಂತಿನೂ ಇಲ್ಲ.

ಗದಗ ಟು ಲೆಸ್ಟರ್
ಅಂವಾ ಅಂಗಿ ಕಿಸೇದಾಗ ಕುಂದ್ರಬೇಕು ಅಂದಾನ. 18650 ಅಂದ್ರ 18 ಮಿಮೀ ದಪ್ಪ 65 ಮಿಮೀ ಉದ್ದದ್ದು ಬರೇ ಬ್ಯಾಟರಿನ ಆತು. ಅದರ ಮ್ಯಾಲೆ ಡಬ್ಬಿ ಬ್ಯಾರೆ. ಅಂಗಿ ಕಿಸೆ ಹರದ ಹೋಗತದ.

ವೈರ್‌ಮನ್
ಹಂಗಾರ ಪ್ಯಾಂಟ್ ಕಿಸೇದಾಗ ಇಟಗೊಳ್ಳಲಿ. ಗಟ್ಟಿದು ಬೇಕಂತ ಕೇಳಿದವ್ರ್ಯಾರು?

ಉಣಕಲ್ಲಿನಾಂವ
ಗಟ್ಟಿದೂ ಬೇಕು ಸಣ್ಣದೂ ಬೇಕು. ವೈರ್‌ಮನ್ ಅಣ್ಣಾ, ನಿಮ್ಮದು ಒಪ್ಪತೀನಿ, ಆದ್ರ ನಾ ಕೆಲಸ ಮಾಡೂದು ವೇರ್‌ಹೌಸಿನಾಗ, ದಿನಾ ಬಗ್ಗೂದು ಏಳೂದು. ದೊಡ್ಡದು ಬ್ಯಾಡ.

ವೈರ್‌ಮನ್
ಆತು. ಆದ್ರ ಓದೂ ಬ್ಯಾರೆದವ್ರಿಗೆ ಒಂದ್ ಮಾತು. 18650 ಬಿಡಿ ಬ್ಯಾಟರಿಯನ್ನ ಕೀಲಿಕೈ, ಚಿಲ್ಲರೆ ಇರೂ ಕಿಸೇದಾಗ ಎಂದೂ ಹಾಕಬ್ಯಾಡ್ರಿ. ಎರಡೂ ತುದಿಗೆ ಲೋಹ ತಾಗಿ ಶಾರ್ಟ್ ಆದ್ರ ತೊಡಿ ಸುಡತದ. ಬ್ಯಾಟರಿ ಮ್ಯಾಲಿನ ಪ್ಲಾಸ್ಟಿಕ್ ಹಾಳಿ ಹರದಿದ್ರ ಅದನ್ನ ಹಾಕೂದ ಬ್ಯಾಡ. ಮತ್ತ ಸಣ್ಣ ಪಾಡ್ ಡಿವೈಸಿಗೆ ಲ್ಯಾಪ್‌ಟಾಪಿನ ದೊಡ್ಡ ಚಾರ್ಜರ್ ಬ್ಯಾಡ್ರಿ, ಕೈಪಿಡಿಯಾಗ ಎಷ್ಟ ಆಂಪ್ ಬರದಿರತಾರೋ ಅಷ್ಟರದ ಹಚ್ಚರಿ. ರಾತ್ರಿ ದಿಂಬಿನ ಬುಡಕ ಇಟ್ಟು ಚಾರ್ಜ್ ಮಾಡೂ ಶಾಣ್ಯಾರ್ನೂ ನೋಡೀನಿ.

ವಿದ್ಯಾನಗರ ಬಾಯ್
ಅಣ್ಣಾ ಈ ಎಕ್ಸ್‌ರೋಸ್ ಹುಬ್ಬಳ್ಳಿಯಾಗ ಎಲ್ಲಿ ಸಿಗತದ? ನಮ್ಮ ಕ್ಲಾಸಿನಾಗ ಒಬ್ಬಾಂವನ ಕಡೆ ಐತಿ, ಫ್ಲೇವರ್ ಮಸ್ತ್ ಇರತದ. ನಾ ಸಿಗರೇಟ್ ಸೇದೂದಿಲ್ಲ, ಸುಮ್ನ ಟ್ರೈ ಮಾಡಾಕ.

ಗದಗ ಟು ಲೆಸ್ಟರ್
ಸಿಗರೇಟ್ ಸೇದದಾಂವ ಇದನ್ನ ಮುಟ್ಟೂದ ಬ್ಯಾಡ. ಮುಗೀತು.

ಸಾಧನಕೇರಿ ಅಕ್ಕ
ಏ ಹುಡುಗಾ, ಫೀ ಕಟ್ಟೂ ನಿಮ್ಮಪ್ಪನ ನಂಬರ್ ಕೊಡು, ಅವ್ರಿಗೆ ಹೇಳತೀನಿ ಎಲ್ಲಿ ಸಿಗತದಂತ.

ಕರಿಕೋಟು ಧಾರವಾಡ
ಎಲ್ಲಾರೂ ಫ್ಲೇವರಿನ ಬಗ್ಗೆ ಮಾತಾಡಾಕತ್ತೀರಿ, ಕಾಯ್ದೆ ಬಗ್ಗೆ ಒಬ್ಬರೂ ಪೂರಾ ಹೇಳಲಿಲ್ಲ.

ನಮ್ಮ ರಾಜ್ಯ 2016ರಾಗ ಇ-ಸಿಗರೇಟ್ ನಿಷೇಧ ಮಾಡಿತ್ತು. ಆಮೇಲೆ ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ಕ್ಕೆ ಸುಗ್ರೀವಾಜ್ಞೆ ತಂತು, ಅದೇ ವರ್ಷ ಡಿಸೆಂಬರ್‌ದಾಗ ಅದು ಕಾಯ್ದೆ ಆಯ್ತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲಾ ನಿಷಿದ್ಧ. ಮೊದಲ ಸಲ ಸಿಕ್ಕರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟರೆ 6 ತಿಂಗಳವರೆಗೆ ಜೈಲು ಅಥವಾ 50,000ದವರೆಗೆ ದಂಡ, ಅಥವಾ ಎರಡೂ.

ವಿದ್ಯಾನಗರದ ಹುಡುಗಗ: ನಿನಗ ಮಾರಿದಾಂವನ ಮ್ಯಾಲೆ ಕೇಸ್ ಬೀಳತದ. ಅಂಥಾ ಅಂಗಡಿ ಹೆಸರು ಇಲ್ಲಿ ಯಾರೂ ಬರೀಬ್ಯಾಡ್ರಿ.

ದುರ್ಗದಬೈಲ್ ದೋಸ್ತ
ವಕೀಲ್ರ, ಕಾಯ್ದೆಯಾಗ ಸೇದೂದಕ್ಕ ಶಿಕ್ಷೆ ಬರದಿಲ್ಲಲ್ಲ? ತನ್ನ ಸಲುವಾಗಿ ಒಂದು ಇಟಗೊಂಡ್ರ ಏನಾಗತದ?

ಕರಿಕೋಟು ಧಾರವಾಡ
ಈ ಪ್ರಶ್ನೆ ಬರ್ತದ ಅಂತ ಗೊತ್ತಿತ್ತು. ಸೇದೂದಕ್ಕ ಅಂತ ಬೇರೆ ಶಿಕ್ಷೆ ಬರೆದಿಲ್ಲ, ಹೌದು. ಆದರೆ ಉಣಕಲ್ಲಿನವರು ಕೇಳಿದ್ದು ವಿಮಾನದಾಗ ತರೋದು. ಹೊರದೇಶದಿಂದ ಒಳಗೆ ತಂದರೆ ಅದು ಆಮದು. ಒಂದೇ ಐತಿ, ನನ್ನ ಸಲುವಾಗಿ ತಂದೆ ಅಂತ ಕಸ್ಟಮ್ಸ್ ಕೌಂಟರಿನ ಮುಂದ ನಿಂತು ವಾದ ಮಾಡಿ ಗೆದ್ದವನನ್ನ ನಾನಂತೂ ನೋಡಿಲ್ಲ. ಹಬ್ಬಕ್ಕ ಬರಾಂವ ಮನಿಗೆ ಬರಬೇಕು, ನನ್ನ ಆಫೀಸಿಗೆ ಬರಬಾರದು.

ಗೋಕುಲ ರೋಡ್
ನಾ ಒಂದ ಶಬ್ದದಾಗ ಹೇಳಿದ್ದು ಇದನ್ನ.

ಬ್ಯಾಡಗಿ ಖಾರ
ಕಾಯ್ದೆ ಕಾಯ್ದೆ ಅಂತೀರಿ. ಗುಟ್ಕಾ 2013ರಾಗ ಬಂದ್ ಆತು. ಏನಾತು? ಪಾನ್ ಮಸಾಲಾ ಒಂದ್ ಚೀಟಿ, ತಂಬಾಕು ಒಂದ್ ಚೀಟಿ, ಎರಡೂ ಒಂದ ಸರದಾಗ ಜೋತಾಡತಾವ. ಅಂಗಡಿಯಾಂವ ಎರಡೂ ಹರದು ಕೈಯಾಗ ಇಡತಾನ, ಗಿರಾಕಿ ಅಂಗೈಯಾಗ ಕೂಡಿಸಿ ಬಾಯಿಗೆ ಒಗೀತಾನ. ಸರಕಾರಕ್ಕ ಗೊತ್ತಿಲ್ಲೇನು?

ದುರ್ಗದಬೈಲ್ ದೋಸ್ತ
ಹುಬ್ಬಳ್ಳಿ ಸ್ಟೇಶನ್ನಿನಾಗ 1507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಯಾರ, ಜಗತ್ತಿನ ಉದ್ದನ್ನದು. ಉಗುಳಾಕ ಅಷ್ಟು ಜಾಗಾ ಸಾಲಂಗಿಲ್ಲ ನಮ್ಮ ಮಂದಿಗೆ.

ಸಾಧನಕೇರಿ ಅಕ್ಕ
ಚಿಗರಿ ಬಸ್ಸಿನ ಸ್ಟಾಪಿನ ಗಾಜು ನೋಡೀರೇನು? ಬ್ಯಾಡ ಬಿಡ್ರಿ, ಊಟದ ಹೊತ್ತು.

ಲಕ್ಷ್ಮೇಶ್ವರ ಮಾಮಾ
ನಮ್ಮ ಕಾಲಕ್ಕ ಬೀಡಿ ಕಟ್ಟು, ಬೆಂಕಿಪೆಟ್ಟಿಗಿ, ಇಷ್ಟ. ಚಾರ್ಜ್ ಮಾಡೂ ಸಿಗರೇಟು ಯಾರು ಕಂಡಹಿಡದ್ರಪಾ ಇದನ್ನ?

ವೈರ್‌ಮನ್
ಹೊನ್ ಲಿಕ್ ಅಂತ ಚೀನಾದ ಔಷಧ ತಜ್ಞ, 2003ರ ಸುಮಾರಿಗೆ. ಅವನೂ ಸಿಗರೇಟ್ ಬಿಡಬೇಕಂತ ಒದ್ದಾಡಾಂವ ಇದ್ದ.

ಡಾಕ್ಟ್ರಮ್ಮ
ನಾನು ಧಾರವಾಡದಲ್ಲಿ ವೈದ್ಯೆ. ಖಾರ ಅವರ ಮೊದಲಿನ ಮಾತಿಗೆ ಉತ್ತರ ಕೊಡಬೇಕು ಅನಿಸಿತು.

ಸಿಗರೇಟಿನಲ್ಲಿ ತಂಬಾಕು ಉರಿಯುತ್ತದೆ. ಆ ಉರಿಯಿಂದಲೇ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ಕ್ಯಾನ್ಸರ್, ಹೃದಯದ ತೊಂದರೆ ಬಹುಪಾಲು ಹೊಗೆಯಿಂದ ಬರುವುದು. ವೇಪಿನಲ್ಲಿ ಉರಿ ಇಲ್ಲ, ದ್ರವ ಕಾದು ಆವಿಯಾಗುತ್ತದೆ. ಹಾಗಾಗಿ ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇದುವವರಿಗೆ ಇದು ಸಿಗರೇಟಿಗಿಂತ ಕಡಿಮೆ ಅಪಾಯ ಎನ್ನುತ್ತದೆ, ಅಪಾಯವೇ ಇಲ್ಲ ಎನ್ನುವುದಿಲ್ಲ. ಸೇದದವರು, ಮಕ್ಕಳು ಮುಟ್ಟಬಾರದು ಅಂತಲೂ ಹೇಳುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಯ ಪ್ರಕಾರ ಸಿಗರೇಟ್ ಬಿಡಲು ನಿಕೋಟಿನ್ ಚ್ಯೂಯಿಂಗ್ ಗಮ್, ಪ್ಯಾಚ್‌ಗಿಂತ ನಿಕೋಟಿನ್ ಇರುವ ವೇಪ್ ಹೆಚ್ಚು ಜನರಿಗೆ ನೆರವಾಗಿದೆ. ಆದರೆ ನಮ್ಮ ದೇಶ ಬೇರೆ ದಾರಿ ಹಿಡಿದಿದೆ, ಹುಡುಗರು ಹೊಸದಾಗಿ ಚಟಕ್ಕೆ ಬೀಳುತ್ತಾರೆ ಅನ್ನುವ ಕಾರಣಕ್ಕೆ. ವಿದ್ಯಾನಗರದ ಹುಡುಗನ ಪ್ರಶ್ನೆ ಓದಿದ ಮೇಲೆ ಆ ಭಯ ಸುಳ್ಳು ಅಂತ ನಾನು ಹೇಳಲಾರೆ.

ಬ್ಯಾಡಗಿ ಖಾರ
ಅಂದ್ರ ನಾ ಹೇಳಿದ್ದೂ ಖರೆ, ಅಂವಾ ಮಾಡಿದ್ದೂ ಖರೆ?

ಡಾಕ್ಟ್ರಮ್ಮ
ಅವರು ಮಾಡಿದ್ದು ಅರ್ಧ ಕೆಲಸ. ಸಿಗರೇಟಿಗೆ ವಾಪಸ್ ಹೋಗದಿದ್ದರೆ, ನಿಧಾನಕ್ಕೆ ನಿಕೋಟಿನ್ನೂ ಇಳಿಸಿದರೆ ಪೂರ್ತಿ.

ಉಣಕಲ್ಲಿನಾಂವ
ಡಾಕ್ಟ್ರ, ನಾ ಇನ್ನೂ 20ರದ್ದ (ಮಿಲಿಗೆ 20 ಮಿಗ್ರಾಂ ನಿಕೋಟಿನ್ ಇರೂದು) ಸೇದಾಕತ್ತೀನಿ. ಇಳಿಸಬೇಕಂತ ಐತಿ. ಗದಗಣ್ಣ, ಯಾವ ಕಾಯಿಲ್ ತೊಗೋಬೇಕು ಅದನ್ನೂ ಹೇಳಿಬಿಡ್ರಿ. 0.4, 0.6, 0.8, 1.2 ಅಂತ ಏನೇನೋ ಬರದಾರ ಡಬ್ಬಿ ಮ್ಯಾಲೆ.

ಗದಗ ಟು ಲೆಸ್ಟರ್
ಅದು ಓಮ್. ಓಮ್ ಕಡಿಮಿ ಆದಂಗ ಕಾಯಿಲ್ ಹೆಚ್ಚು ಕರೆಂಟ್ ಎಳೀತದ, ಹೆಚ್ಚು ಆವಿ, ಲಿಕ್ವಿಡ್ ಲಗೂ ಖಾಲಿ, ಚಾರ್ಜೂ ಲಗೂ ಖಾಲಿ. ನೀ ಸಿಗರೇಟ್ ಸೇದೂ ರೀತಿ ಮೊದಲ ಬಾಯಿಗೆ ಎಳಕೊಂಡು ಆಮ್ಯಾಲೆ ಒಳಗ ತೊಗೋತಿದ್ರ 0.8, 1.0 ಇಲ್ಲಾ 1.2 ತೊಗೋ. 0.4 ನಿನಗಲ್ಲ. 20ರ ನಿಕೋಟಿನ್ ಸಾಲ್ಟ್ ಲಿಕ್ವಿಡ್ ಹಾಕಿ 0.4ರಾಗ ಎಳದ್ರ ತಲಿ ಗಿರ್ ಅಂತದ, ವಾಂತಿ ಬಂದಂಗಾಗತದ.

ಲಿಕ್ವಿಡ್ ಪಿಜಿ (ತೆಳ್ಳನ ಪ್ರೊಪಿಲಿನ್ ಗ್ಲೈಕಾಲ್), ವಿಜಿ (ದಪ್ಪನ ಗ್ಲಿಸರಿನ್) ಅರ್ಧಕ್ಕರ್ಧ ಇರೂದು ತೊಗೋ. ವಿಜಿ ಹೆಚ್ಚಿದ್ದ ದಪ್ಪನ ಲಿಕ್ವಿಡ್ ಸಣ್ಣ ಕಾಯಿಲಿನ ಹತ್ತಿಗೆ ಲಗೂ ಏರೂದಿಲ್ಲ, ಒಣ ಹತ್ತಿ ಸುಡತದ. ನಿನ್ನ ಸುಟ್ಟ ರುಚಿಗೆ ಅದೂ ಒಂದ್ ಕಾರಣ ಇರಬಹುದು. ಇನ್ನೊಂದು ಸಿಹಿ. ಭಾಳ ಸಿಹಿ ಮಾಡಿದ ಲಿಕ್ವಿಡ್ಡಿನ ಸ್ವೀಟ್ನರ್ ಕಾಯಿಲಿನ ಮ್ಯಾಲೆ ಕರ್ರಗ ಅಂಟಿ ಕುಂದ್ರತದ. ಮಾವು, ಕ್ಯಾಂಡಿ ಬಿಟ್ಟು ಪುದೀನಾ ಇಲ್ಲಾ ತಂಬಾಕಿನ ಫ್ಲೇವರ್ ಹಾಕಿ ನೋಡು, ಅದ ಕಾಯಿಲ್ ಹೆಚ್ಚ ದಿನ ಬರತದ.

ವೈರ್‌ಮನ್
ಮತ್ತ ಹೊಸಾ ಪಾಡ್ ತುಂಬಿದ ಕೂಡ್ಲೆ ಎಳೀಬ್ಯಾಡ. ದೀಪದ ಬತ್ತಿ ಎಣ್ಣಿ ಕುಡಿಯೂ ತನಕಾ ಹಚ್ಚೂದಿಲ್ಲಲ್ಲ, ಹಂಗ. ಹತ್ತು ನಿಮಿಷ ಬಿಡು. ಪಾಡಿನಾಗ ಲಿಕ್ವಿಡ್ ತಳಕ್ಕ ಮುಟ್ಟೂ ಮೊದಲ ತುಂಬು.

ದುರ್ಗದಬೈಲ್ ದೋಸ್ತ
ಇಷ್ಟು ಉಸಾಬರಿ! ಬಿಡೂದ ಸಸಾರ ಅನಸತದ.

ಸಾಧನಕೇರಿ ಅಕ್ಕ
ದೋಸ್ತ, ನೀವು ಬಿಟ್ಟೀರೇನು?

ದುರ್ಗದಬೈಲ್ ದೋಸ್ತ
ಅಕ್ಕಾರ, ವಿಷಯಾಂತರ ಮಾಡಬ್ಯಾಡ್ರಿ.

ಉಣಕಲ್ಲಿನಾಂವ
ಸೋರೂದರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ದೊಡ್ಡ ತ್ರಾಸು ಅದ.

ಗದಗ ಟು ಲೆಸ್ಟರ್
ಪೂರಾ ಸೋರದ್ದು ಅಂತ ಯಾವುದೂ ಇಲ್ಲ. ಅಂಗಡಿಯಾಂವ ಹಂಗಂದ್ರ ನಂಬಬ್ಯಾಡ. ಕಡಿಮಿ ಸೋರೂದು ಅಂತ ಐತಿ. ಪಾಡಿನ ಬುಡಕ, ಡಿವೈಸಿನ ಕುಳಿಯಾಗ ನೀರ ಕುಂತಂಗ ಆಗಿರತದ, ಅದು ಆವಿ ತಣ್ಣಗಾಗಿ ಕುಂತಿದ್ದು. ಅದನ್ನ ದಿನಾ ಟಿಶ್ಯೂದಾಗ ಒರಸು. ಅಡ್ಡ ಮಲಗಿಸಿ ಇಡಬ್ಯಾಡ, ನೆಟ್ಟಗ ನಿಲ್ಲಸು. ಬಿಸಿಲಿನ್ಯಾಗ ಕಾರಿನಾಗ ಇಟ್ರ ಲಿಕ್ವಿಡ್ ತೆಳ್ಳಗಾಗಿ ಇಳೀತದ. ಜೋರಾಗಿ ಎಳಿಯೂದೂ ಒಂದು ಕಾರಣ. ಒಮ್ಮೆಗೇ ಗಟ್ಟಿ ಎಳದ್ರ ಕಾಯಿಲಿನಾಗ ಬೇಕಾದ್ದಕ್ಕಿಂತ ಹೆಚ್ಚು ಲಿಕ್ವಿಡ್ ನುಗ್ಗತದ, ಗುಳುಗುಳು ಸಪ್ಪಳ ಬರತದ. ಸಾವಕಾಶ ಎಳಿ.

ಮತ್ತ ಪಾಡಿನ ರಬ್ಬರ್ ಬಿರಡಿ ಸಡಲಾದ್ರ ಆ ಪಾಡ್ ಒಗಿ, ಉಳಸಾಕ ಹೋಗಬ್ಯಾಡ. ಇಲ್ಲಿ ಕಾಯ್ದೆ ಪ್ರಕಾರ ಪಾಡಿನಾಗ 2 ಮಿಲಿ ಅಷ್ಟ, ಬಾಟಲಿ 10 ಮಿಲಿ, ನಿಕೋಟಿನ್ 20 ಮಿಗ್ರಾಂ ಪ್ರತಿ ಮಿಲಿಗೆ ಮಿತಿ. ಅದಕ್ಕಿಂತ ದೊಡ್ಡ ಪಾಡ್, 50ರ ಲಿಕ್ವಿಡ್ ಯಾರರ ಮಾರಾಕತ್ತಿದ್ರ ಆ ಅಂಗಡಿಗೆ ಕಾಲಿಡಬ್ಯಾಡ. ಇಲ್ಲಿ ಮಾರೂ ನಿಕೋಟಿನ್ ಮಾಲು ಔಷಧ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎ ಪಟ್ಟಿಯಾಗ ಇರಬೇಕು, ಜಾಲತಾಣದಾಗ ಹುಡುಕಿ ನೋಡಬಹುದು.

ಬೆಳಗಾಂವ ನಾಕಾ
ರೊಕ್ಕದ ವಿಚಾರ ಬಂತಂದ್ರ, 2026ರ ಅಕ್ಟೋಬರ್ 1ರಿಂದ ಅಲ್ಲಿ 10 ಮಿಲಿಗೆ 2.20 ಪೌಂಡ್ ಹೊಸಾ ತೆರಿಗಿ ಅಂತ ಸರಕಾರ ಘೋಷಣಾ ಮಾಡೈತಿ. ಬಾಟಲಿ ಸಂಗ್ರಹ ಮಾಡಾಕ ಹೋಗಬ್ಯಾಡ, ಬಿಡಾಕ ಅದ ನೆವಾ ಮಾಡಕೋ.

ಲಕ್ಷ್ಮೇಶ್ವರ ಮಾಮಾ
ತಮ್ಮಾ, ನೀ ಊರಿಗೆ ಬಂದಾಗ ಏನ್ ಮಾಡಾಂವ? ಹಬ್ಬದ ಮನಿ, ಮಂದಿ ತುಂಬಿರತಾರ. ಮತ್ತ ಗೂಡಂಗಡಿ ಮುಂದ ನಿಲ್ಲೂದು ಗ್ಯಾರಂಟಿ. ನಾ ನೋಡೀನಿ ಇಂಥವ್ರನ್ನ, ಅಲ್ಲಿ ಬಿಟ್ಟಿರತಾರ, ಇಲ್ಲಿ ಹಳೇ ದೋಸ್ತರು ಚಾದ ಜೋಡಿ ಒಂದ್ ಕೊಟ್ರ ಮುಗೀತು.

ಉಣಕಲ್ಲಿನಾಂವ
ಮಾಮಾ, ಅದರ ಹೆದರಕಿನ ನನಗೂ. ಅದಕ್ಕ ತರಬಹುದೇನು ಅಂತ ಕೇಳಿದ್ದು. ನಮ್ಮಪ್ಪಗ ಸಿಗರೇಟಿಂದ ಗೊತ್ತಿಲ್ಲ, ವೇಪಿಂದಂತೂ ಕೇಳಬ್ಯಾಡ್ರಿ.

ಸಾಧನಕೇರಿ ಅಕ್ಕ
ನಿಮ್ಮಪ್ಪಗ ಗೊತ್ತಿರತದ. ಎಲ್ಲಾ ಅಪ್ಪಂದಿರಿಗೂ ಗೊತ್ತಿರತದ.

ಡಾಕ್ಟ್ರಮ್ಮ
ಊರಲ್ಲಿರುವ ಆ ದಿನಗಳಿಗೆ ನಿಕೋಟಿನ್ ಗಮ್ ಇಟ್ಟುಕೊಳ್ಳಿ. ಇಲ್ಲಿ 2 ಮಿಗ್ರಾಂನದ್ದು ಚೀಟಿ ಇಲ್ಲದೆ ಔಷಧ ಅಂಗಡಿಯಲ್ಲಿ ಸಿಗುತ್ತದೆ, 4 ಮಿಗ್ರಾಂಗೆ ವೈದ್ಯರ ಚೀಟಿ ಬೇಕು. ಬಹಳ ಜನ ಅದನ್ನು ಸಾದಾ ಚ್ಯೂಯಿಂಗ್ ಗಮ್ ಅಗಿದಂತೆ ಒಂದೇ ಸಮ ಅಗಿದು, ಬಿಕ್ಕಳಿಕೆ ಬಂತು, ಹೊಟ್ಟೆ ಉರಿಯಿತು, ಉಪಯೋಗ ಇಲ್ಲ ಅಂತ ಉಗಿಯುತ್ತಾರೆ. ನಿಧಾನ ಅಗಿಯಿರಿ, ಖಾರದ ರುಚಿ ಅಥವಾ ಚುಮುಚುಮು ಬಂದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಿ. ರುಚಿ ಹೋದ ಮೇಲೆ ಮತ್ತೆ ಅಗಿಯಿರಿ. ನಿಕೋಟಿನ್ ಬಾಯಿಯ ಒಳಪದರದಿಂದ ಒಳಗೆ ಹೋಗಬೇಕು, ನುಂಗಿದರೆ ವ್ಯರ್ಥ. ಬಾಯಲ್ಲಿ ಗಮ್ ಇದ್ದಾಗ, ಅದಕ್ಕಿಂತ 15 ನಿಮಿಷ ಮೊದಲು ಕಾಫಿ, ಸೋಡಾ, ಹಣ್ಣಿನ ರಸ ಬೇಡ, ಬಾಯಿ ಹುಳಿಯಾದರೆ ಅದು ಹತ್ತುವುದಿಲ್ಲ. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಿ.

ಮಾತಾಡಲು ಯಾರಾದರೂ ಬೇಕಾದರೆ ರಾಷ್ಟ್ರೀಯ ತಂಬಾಕು ಬಿಡಿಸುವ ಸಹಾಯವಾಣಿ 1800-11-2356 ಇದೆ, ದುಡ್ಡಿಲ್ಲ. ಸಿಗರೇಟ್ ಪ್ಯಾಕಿನ ಮೇಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೆ.

ದುರ್ಗದಬೈಲ್ ದೋಸ್ತ
ಡಾಕ್ಟ್ರ, ಗಮ್ ಗುಟ್ಕಾದವ್ರಿಗೂ ನಡೀತದೇನ್ರಿ? ನಮ್ಮ ಅಣ್ಣನ ಸಲುವಾಗಿ ಕೇಳಾಕತ್ತೀನಿ.

ಡಾಕ್ಟ್ರಮ್ಮ
ನಡೆಯುತ್ತದೆ. ಆದರೆ ಗುಟ್ಕಾ ತಿನ್ನುವವರು ಮೊದಲು ಬಾಯಿ ತೋರಿಸಿ. ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಒಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ಹಬ್ಬದವರೆಗೂ ಕಾಯಬೇಡಿ. ನಿಮ್ಮ ಅಣ್ಣನಿಗೆ ಹೇಳಿ.

ದುರ್ಗದಬೈಲ್ ದೋಸ್ತ
ಹೇಳತೀನ್ರಿ.

ಬೆಳಗಾಂವ ನಾಕಾ
ಉಣಕಲ್ಲಿನಾಂವ, ದಾರಿಯಾಗ ಸಿಂಗಾಪುರಕ್ಕ ಇಳಿಯೂ ವಿಚಾರ ಇದ್ರ ನೆನಪಿಡು, ಅಲ್ಲಿ ಕಿಸೇದಾಗ ಇದ್ರೂ ಅಪರಾಧ. ಬ್ಯಾರೆ ಯಾವ ದೇಶಕ್ಕರ ಒಯ್ದಾಗ ಚೆಕ್-ಇನ್ ಲಗೇಜಿನಾಗ ಹಾಕಬಾರದು, ಲಿಥಿಯಂ ಬ್ಯಾಟರಿ ಇರತದ, ಕೈಚೀಲದಾಗ ಇರಬೇಕು. ಪಾಡ್ ಖಾಲಿ ಮಾಡಿ ಒಯ್ಯಿ, ಮ್ಯಾಲೆ ಗಾಳಿ ಒತ್ತಡ ಕಡಿಮಿ ಆಗಿ ಲಿಕ್ವಿಡ್ ಹೊರಗ ಬರತದ.

ಉಣಕಲ್ಲಿನಾಂವ
ಎಲ್ಲಾರಿಗೂ ಥ್ಯಾಂಕ್ಸ್‌ರಿ. ಶನಿವಾರ ಪ್ಯಾಟಿಗೆ ಹೋಗಿ ಎಕ್ಸ್‌ರೋಸ್ 5 ನೋಡತೀನಿ, ಕೈಯಾಗ ಹಿಡದು ದಪ್ಪ ಅನಿಸಿದ್ರ 4. 1.0ರ ಪಾಡ್, ಪುದೀನಾ, ಮೊದಲ 20, ಈ ಬಾಟಲಿ ಮುಗಿದ ಮ್ಯಾಲೆ 10ಕ್ಕ ಇಳಸತೀನಿ. ಊರಿಗೆ ಬರೂವಾಗ ರೂಮಿನಾಗ ಇಟ್ಟು ಗಮ್ ತರತೀನಿ. ವಕೀಲ್ರ, ನಿಮ್ಮ ಆಫೀಸಿಗೆ ಬರೂದಿಲ್ಲ.

ಕರಿಕೋಟು ಧಾರವಾಡ
ಚಾಕ್ಕ ಬಾ, ಫೀ ಇಲ್ಲ.

ವೈರ್‌ಮನ್
ಆ ಸೋರೂ ಹಳೇ ಡಿವೈಸ್ ಏನ್ ಮಾಡಾಂವ?

ಉಣಕಲ್ಲಿನಾಂವ
ಕಸದ ಡಬ್ಬಿ.

ಗದಗ ಟು ಲೆಸ್ಟರ್
ಬ್ಯಾಡ. ಒಳಗ ಲಿಥಿಯಂ ಐತಿ, ಕಸದ ಲಾರಿಯಾಗ ಒತ್ತಿದ್ರ ಬೆಂಕಿ ಹತ್ತತದ. ಇಲ್ಲಿ ವೇಪ್ ಮಾರೂ ಅಂಗಡಿಯವ್ರು ಹಳೇವು ವಾಪಸ್ ತೊಗೊಳ್ಳಬೇಕು ಅಂತ ನಿಯಮ ಐತಿ. ಹೊಸಾದು ತೊಗೊಳ್ಳುವಾಗ ಹಳೇದನ್ನ ಅಲ್ಲೇ ಕೊಟ್ಟು ಬಾ. ಮತ್ತ ರಸೀದಿ ಒಗೀಬ್ಯಾಡ, ವಾರಂಟಿಗೆ ಅದನ್ನ ಕೇಳತಾರ.